ಸುಂಕದವನ ಕಣ್ಣಿನಲ್ಲಿ ಬಾಸ್ಟನ್

ಗುರುವಾರ: ಮರವಿಲ್ಲದ ಮೂಲೆ

ಬಾಸ್ಟನ್‌ನಲ್ಲಿ ಸುಂಕದವನಿಗೆ ಮರ್ಯಾದೆಯಿಲ್ಲ. ಊರಿನಲ್ಲಿ ನಿಂತಿರುವುದೆಲ್ಲ ಸುಂಕದವರನ್ನು ಅಟ್ಟಿಸಿಕೊಂಡು ಹೋದವರ ಪ್ರತಿಮೆಗಳು. ಓಡಿದವರದು ನನ್ನ ಕಣ್ಣಿಗೆ ಒಂದೂ ಬೀಳಲಿಲ್ಲ. ವಾಣಿಜ್ಯ ತೆರಿಗೆ ಇಲಾಖೆಯ ಸಂಬಳದಲ್ಲಿ ಮನೆ ಕಟ್ಟಿ, ಮಗಳನ್ನು ಓದಿಸಿ, ಅದೇ ಇಲಾಖೆಯ ಪಿಂಚಣಿಯ ಬಲದಿಂದ ಆ ಮಗಳ ಮನೆಗೆ ವಿಮಾನ ಹತ್ತಿದವನು ನಾನು. "ಅಪ್ಪ, ನೀವು ನೋಡಲೇಬೇಕಾದ ಊರು ಇದು" ಎಂದು ಅವಳು ತುಟಿಯಂಚಿನಲ್ಲಿ ನಕ್ಕದ್ದು ಯಾಕೆಂದು ಮೊದಲ ಬೆಳಿಗ್ಗೆಯೇ ತಿಳಿಯಿತು.

ಎಲ್ಲರೂ ಕೆಂಪು ಗೆರೆಯ ಹಾದಿಯಿಂದ ಶುರು ಮಾಡುತ್ತಾರೆ. ಪಾದಚಾರಿ ಮಾರ್ಗದಲ್ಲಿ ಇಟ್ಟಿಗೆಯಲ್ಲೋ ಬಣ್ಣದಲ್ಲೋ ಎಳೆದ ಎರಡೂವರೆ ಮೈಲಿ ಉದ್ದದ ಗೆರೆ ಅದು. ಅದನ್ನು ಹಿಡಿದು ಹೋದರೆ, ಬ್ರಿಟನ್ನಿನ ಆಳ್ವಿಕೆಯಿಂದ ಅಮೆರಿಕ ಬಿಡಿಸಿಕೊಂಡ ಕ್ರಾಂತಿಯ ಕಾಲದ ಮುಖ್ಯ ಕಟ್ಟಡಗಳು ಒಂದೊಂದಾಗಿ ಸಿಗುತ್ತವೆ. ನಾವು ಆ ಗೆರೆಯ ಆಚೆಯಿಂದ ಹೊರಟೆವು. ಆರೆಂಜ್ ಲೈನಿನ ಚೈನಾಟೌನ್ ನಿಲ್ದಾಣದಲ್ಲಿ ಇಳಿದು ಮೇಲೆ ಬಂದರೆ ವಾಷಿಂಗ್ಟನ್ ಬೀದಿ ಎಸೆಕ್ಸ್ ಬೀದಿಯನ್ನು ಕೂಡುವ ಮೂಲೆ. ಜೂನ್ ತಿಂಗಳಾದರೂ ಜಿಟಿಜಿಟಿ ಮಳೆ, ಸ್ವೆಟರ್ ಬೇಡುವ ಚಳಿ. ನಮ್ಮ ಮಡಿಕೇರಿಯ ಜುಲೈಗೆ ಕೊಂಡೊಯ್ಯುವಷ್ಟು ಉಡುಪನ್ನು ಇಲ್ಲಿಯ ಜೂನ್‌ಗೂ ತರಬೇಕು.

ಈ ಮೂಲೆಯಲ್ಲಿ ಒಂದು ದೊಡ್ಡ ಎಲ್ಮ್ ಮರವಿತ್ತು. ಬ್ರಿಟಿಷ್ ಸಂಸತ್ತು 1765ರಲ್ಲಿ ಸ್ಟ್ಯಾಂಪ್ ಕಾಯ್ದೆ ತಂದು, ಪತ್ರಿಕೆ, ಕರಾರು, ಪರವಾನಗಿಗಳಿಂದ ಹಿಡಿದು ಇಸ್ಪೀಟೆಲೆ, ದಾಳಗಳವರೆಗೆ ಎಲ್ಲಕ್ಕೂ ಮುದ್ರೆಯ ತೆರಿಗೆ ಹೇರಿತು. ನವೆಂಬರ್ 1ರಿಂದ ಜಾರಿ. ಅದಕ್ಕೂ ಮೊದಲೇ, ಆಗಸ್ಟ್ 14ರ ಬೆಳಿಗ್ಗೆ, ಮುದ್ರೆ ಕಾಗದ ಹಂಚಲು ನೇಮಕಗೊಂಡಿದ್ದ ಆಂಡ್ರ್ಯೂ ಆಲಿವರ್ ಎಂಬ ಅಧಿಕಾರಿಯ ಪ್ರತಿಕೃತಿ ಈ ಮರದಲ್ಲಿ ನೇತಾಡುತ್ತಿತ್ತು. ಪಕ್ಕದಲ್ಲಿ ಒಂದು ಹಳೆಯ ಬೂಟು, ಅದರೊಳಗಿಂದ ಇಣುಕುವ ದೆವ್ವ. ಸಂಜೆ ಎಬೆನೀಜರ್ ಮ್ಯಾಕಿಂಟಾಷ್ ಎಂಬ ಚಮ್ಮಾರನ ಮುಂದಾಳತ್ವದಲ್ಲಿ ಜನ ಆ ಪ್ರತಿಕೃತಿಯನ್ನು ಮೆರವಣಿಗೆಯಲ್ಲಿ ಒಯ್ದು, ಮುದ್ರೆ ಕಚೇರಿಯಾಗಲಿದೆ ಎಂದು ಸಂಶಯವಿದ್ದ ಹೊಸ ಕಟ್ಟಡವನ್ನು ಕೆಡವಿ, ಅದರದೇ ಕಟ್ಟಿಗೆಯಲ್ಲಿ ಬೆಂಕಿ ಹಾಕಿದರು. ಮರುದಿನವೇ ಆಲಿವರ್ ಹುದ್ದೆ ಬಿಡುವುದಾಗಿ ಹೇಳಿದ. ಅದೂ ಸಾಲದೆಂದು ಡಿಸೆಂಬರಿನ ಮಳೆಯಲ್ಲಿ ಅವನನ್ನು ಇದೇ ಮರದ ಕೆಳಗೆ ಕರೆತಂದು, ಎಲ್ಲರೆದುರು ಇನ್ನೊಮ್ಮೆ ರಾಜೀನಾಮೆ ಹೇಳಿಸಿದರು. ವರ್ಗಾವಣೆಯ ಆದೇಶ ಕೈಗೆ ಬಂದು, ಕುರ್ಚಿಯಲ್ಲಿ ಕೂರುವ ಮೊದಲೇ ಎರಡು ಸಲ ರಾಜೀನಾಮೆ ಕೊಟ್ಟ ಅಧಿಕಾರಿಯನ್ನು ನಮ್ಮ ಇಲಾಖೆಯಲ್ಲಂತೂ ನಾನು ಕಂಡಿಲ್ಲ.

ಮರವನ್ನು 1775ರಲ್ಲಿ ಬ್ರಿಟಿಷರ ಕಡೆಯವರು ಕಡಿದುಹಾಕಿದರು. ಈಗಿರುವುದು ಎದುರು ಕಟ್ಟಡದ ಮೂರನೆಯ ಮಹಡಿಯ ಗೋಡೆಯಲ್ಲಿ ಕೆತ್ತಿದ ಮರದ ಉಬ್ಬುಚಿತ್ರ. ತಲೆಯೆತ್ತಿ ಹುಡುಕದಿದ್ದರೆ ಕಾಣುವುದಿಲ್ಲ. ರಸ್ತೆಯ ಈಚೆ ಒಂದು ಪುಟ್ಟ ಚೌಕ, ಅದರಲ್ಲಿ ಈಚೆಗೆ ನೆಟ್ಟ ಎಳೆಯ ಎಲ್ಮ್. ಅದರ ಪಕ್ಕದ ಬೆಂಚಿನಲ್ಲಿ ತರಕಾರಿ ಚೀಲ ಇಟ್ಟುಕೊಂಡು ಕೂತಿದ್ದ ಚೀನೀ ಅಜ್ಜಿಯನ್ನು ನನ್ನ ಹೆಂಡತಿ ಮಾತಿಗೆಳೆದಳು. ಇಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೆ, ಆದರೂ ಸೊಪ್ಪಿನ ದರದಿಂದ ಮೊಮ್ಮಕ್ಕಳವರೆಗೆ ಮಾತು ಹರಿಯಿತು. ಮರದ ಕಥೆ ಕೇಳಿದರೆ ಅಜ್ಜಿ ಕೈಯಾಡಿಸಿ, "ಪ್ರವಾಸಿಗರು ಬಂದು ಮೇಲೆ ನೋಡುತ್ತಾರೆ, ಹೋಗುತ್ತಾರೆ" ಎಂದರು. ನಂತರ ಯಾವ ಬೇಕರಿಗೆ ಹೋಗಬೇಕೆಂದು ಬೆರಳು ತೋರಿಸಿದರು. ಅಲ್ಲಿ ಸಿಕ್ಕ, ಎಳ್ಳು ಮೆತ್ತಿ ಕರಿದ, ಒಳಗೆ ಸಿಹಿ ಕಾಳಿನ ಹೂರಣವಿದ್ದ ಉಂಡೆ ನಮ್ಮ ಸುಕ್ಕಿನುಂಡೆಯ ದಾಯಾದಿಯಂತಿತ್ತು. ಜೊತೆಗೆ ಹಾಲು ಹಾಕಿದ ಗಟ್ಟಿ ಚಹಾ. ಈ ಊರಿನಲ್ಲಿ ಒಳ್ಳೆಯ ಚಹಾ ಬೇಕಿದ್ದವರು ಚೈನಾಟೌನ್‌ಗೇ ಬರಬೇಕು. ಉಳಿದ ಕಡೆ ಚಳಿಯಲ್ಲೂ ಐಸ್ ಹಾಕಿದ ಕಾಫಿ ಹಿಡಿದು ಓಡಾಡುವ ಜನ.

ಅಲ್ಲಿಂದ ಎರಡು ನಿಲ್ದಾಣ ಮುಂದೆ ಸ್ಟೇಟ್. ರೈಲಿನಿಂದ ಮೆಟ್ಟಿಲೇರಿ ಹೊರಬಂದರೆ ತಲೆಯ ಮೇಲೇ 1713ರ ಹಳೆಯ ಸ್ಟೇಟ್ ಹೌಸ್. ನಿಲ್ದಾಣದ ಒಂದು ಬಾಗಿಲು ಅದರ ನೆಲಮಾಳಿಗೆಯಲ್ಲೇ ಇದೆ. ಗಾಜಿನ ಗೋಪುರಗಳ ನಡುವೆ ಕುಬ್ಜವಾಗಿ ನಿಂತ ಇಟ್ಟಿಗೆಯ ಕಟ್ಟಡ, ನೆತ್ತಿಯ ಮೇಲೆ ಬ್ರಿಟಿಷ್ ಅರಸೊತ್ತಿಗೆಯ ಸಿಂಹ ಮತ್ತು ಯೂನಿಕಾರ್ನ್. 1776ರ ಜುಲೈ 18ರಂದು ಇಲ್ಲಿಯ ಬಾಲ್ಕನಿಯಿಂದ ಸ್ವಾತಂತ್ರ್ಯ ಘೋಷಣೆ ಓದಿದ ದಿನ ಜನ ಅವನ್ನು ಕೆಳಗಿಳಿಸಿ ಸುಟ್ಟರು. ಈಗಿರುವುದು ಆಮೇಲೆ ಮಾಡಿಸಿ ಕೂರಿಸಿದ್ದು. ಇಲ್ಲಿ ಕೊಳ್ಳುವ ಟಿಕೆಟ್ ಓಲ್ಡ್ ಸೌತ್ ಮೀಟಿಂಗ್ ಹೌಸಿಗೂ ನಡೆಯುತ್ತದೆ. ಅದನ್ನು ಪರ್ಸಿನಲ್ಲಿ ಜೋಪಾನವಾಗಿ ಇಟ್ಟುಕೊಂಡೆ.

ಮಹಡಿಯ ಮೇಲಿನ ಕೌನ್ಸಿಲ್ ಕೋಣೆಯಲ್ಲಿ ನಾನು ಬಹಳ ಹೊತ್ತು ನಿಂತೆ. ಜನ ಹುಡುಕಿಕೊಂಡು ಬರುವುದು ಕೆಳಗೆ ಬೀದಿಯಲ್ಲಿ ನಡೆದ ಗೋಲಿಬಾರಿನ ಜಾಗವನ್ನು. ನನ್ನ ಕಸುಬಿನವನಿಗೆ ಮಾತ್ರ ಈ ಕೋಣೆಯೇ ಮುಖ್ಯ. 1761ರ ಫೆಬ್ರುವರಿಯಲ್ಲಿ ಇಲ್ಲಿ ಒಂದು ವ್ಯಾಜ್ಯದ ವಾದ ನಡೆಯಿತು. ಸುಂಕದ ಅಧಿಕಾರಿಗಳ ಕೈಯಲ್ಲಿ ಒಂದು ಬಗೆಯ ಸರ್ವಾಧಿಕಾರದ ಶೋಧನಾ ವಾರಂಟ್ ಇರುತ್ತಿತ್ತು. ಯಾರ ಮನೆ, ಯಾವ ಸರಕು, ಯಾವ ದಿನ ಎಂದು ಅದರಲ್ಲಿ ಬರೆಯಬೇಕಿರಲಿಲ್ಲ. ಹಗಲಿನಲ್ಲಿ ಯಾವ ಮನೆಗೂ ಉಗ್ರಾಣಕ್ಕೂ ನುಗ್ಗಬಹುದಿತ್ತು. ಅರಸ ಸತ್ತ ಆರು ತಿಂಗಳವರೆಗೆ ಅದರ ಆಯುಷ್ಯ. ಎರಡನೆಯ ಜಾರ್ಜ್ ಸತ್ತದ್ದರಿಂದ ಅವನ್ನು ಹೊಸದಾಗಿ ಪಡೆಯಬೇಕಾಯಿತು, ಆಗ ವರ್ತಕರು ತಕರಾರು ತೆಗೆದರು. ಅವರ ಪರವಾಗಿ ಜೇಮ್ಸ್ ಓಟಿಸ್ ಗಂಟೆಗಟ್ಟಲೆ ವಾದಿಸಿ, ಸೋತ. ಆದರೆ ಕೇಳುತ್ತ ಕೂತಿದ್ದ ಎಳೆಯ ವಕೀಲ ಜಾನ್ ಆಡಮ್ಸ್, ಸ್ವಾತಂತ್ರ್ಯವೆಂಬ ಮಗು ಹುಟ್ಟಿದ್ದೇ ಆ ಕೋಣೆಯಲ್ಲಿ ಎಂದು ಮುಪ್ಪಿನಲ್ಲಿ ಬರೆದ.

ಶೋಧನೆಗೆ ಹೋದವರಿಗೆ ಇದರ ಬಿಸಿ ಗೊತ್ತು. ನಾವು ಅಂಗಡಿಗೆ ಹೋದರೆ ಪಂಚರು ಬೇಕು, ಮಹಜರು ಬೇಕು, ಬರೆದದ್ದನ್ನು ಓದಿ ಹೇಳಿ ಸಹಿ ತೆಗೆದುಕೊಳ್ಳಬೇಕು. ಅಷ್ಟೆಲ್ಲ ಮಾಡಿದರೂ ಅಂಗಡಿಯವನ ಹೆಂಡತಿ ಒಳಮನೆಯ ಬಾಗಿಲಿನಲ್ಲಿ ನಿಂತು ನೋಡುವ ನೋಟ ಇದೆಯಲ್ಲ, ಅದು ರಾತ್ರಿ ಊಟದ ತಟ್ಟೆಯವರೆಗೂ ಬರುತ್ತದೆ. ಏನೂ ಬರೆಯದ ವಾರಂಟ್ ಹಿಡಿದು ಹೋದವನನ್ನು ಜನ ಹೇಗೆ ನೋಡಿರಬೇಕು?

ಕೆಳಗೆ, ಬಾಲ್ಕನಿಯ ಎದುರು, ಕಲ್ಲು ಜೋಡಿಸಿದ ವೃತ್ತವೊಂದು 1770ರ ಮಾರ್ಚ್ 5ರ ಗೋಲಿಬಾರನ್ನು ಗುರುತಿಸುತ್ತದೆ. ಹಿಮ ಬಿದ್ದ ಆ ರಾತ್ರಿ ಜಗಳ ಹೊತ್ತಿಕೊಂಡದ್ದು ಸುಂಕದ ಕಚೇರಿಯ ಕಾವಲಿಗೆ ನಿಂತಿದ್ದ ಒಬ್ಬ ಸಿಪಾಯಿಯ ಸುತ್ತ. ಬ್ರಿಟಿಷ್ ಸಿಪಾಯಿಗಳ ಗುಂಡಿಗೆ ಕ್ರಿಸ್ಪಸ್ ಆಟಕ್ಸ್ ಎಂಬ ನಾವಿಕ ಸೇರಿ ಐವರು ಸತ್ತರು. ಅದೇ ದಿನ ಲಂಡನ್ನಿನಲ್ಲಿ ಪ್ರಧಾನಿ ಲಾರ್ಡ್ ನಾರ್ತ್, ಗಾಜು, ಕಾಗದ, ಬಣ್ಣ, ಸೀಸಗಳ ಮೇಲಿನ ಸುಂಕ ತೆಗೆದು ಚಹಾದ ಮೇಲಿನದನ್ನು ಮಾತ್ರ ಉಳಿಸುವ ಪ್ರಸ್ತಾವವನ್ನು ಸಂಸತ್ತಿನ ಮುಂದಿಟ್ಟಿದ್ದ. ನಡುವೆ ಒಂದು ಸಾಗರವಿತ್ತು, ಯಾರಿಗೂ ಗೊತ್ತಾಗಲಿಲ್ಲ. ಸಿಪಾಯಿಗಳ ಪರ ವಾದಿಸಿದವನು ಮತ್ತೆ ಅದೇ ಜಾನ್ ಆಡಮ್ಸ್. ಹೆಚ್ಚಿನವರು ಬಿಡುಗಡೆಯಾದರು, ಇಬ್ಬರ ಹೆಬ್ಬೆರಳಿಗೆ ಬರೆ ಬಿತ್ತು.

ವೃತ್ತದ ಬದಿಯಲ್ಲೇ ಗಾಡಿಗಳೂ ಸೈಕಲ್‌ಗಳೂ ಹಾಯುತ್ತವೆ. ಇಟ್ಟಿಗೆಯ ದಾರಿ ಮಳೆಗೆ ಜಾರುತ್ತದೆ. ಬೆಂಗಳೂರಿನಲ್ಲಿ ಕೊಂಡ ನನ್ನ ಹೊಸ ಷೂವಿನ ಅಟ್ಟೆ ಅಲ್ಲೇ ಬಾಯಿ ಬಿಟ್ಟಿತು. ಟಪಟಪ ಸದ್ದು ಮಾಡುತ್ತ ಗ್ರಾನರಿ ಸ್ಮಶಾನದವರೆಗೆ ಹೋಗಿ, ಆ ಐವರ ಸಮಾಧಿಯನ್ನು ನೋಡಿದೆ. ಅದೇ ಕಲ್ಲಿನಲ್ಲಿ ಕ್ರಿಸ್ಟೋಫರ್ ಸೈಡರ್ ಎಂಬ ಬಾಲಕನ ಹೆಸರೂ ಇದೆ. ಗೋಲಿಬಾರಿಗೆ ಕೆಲವೇ ದಿನ ಮೊದಲು, ಸುಂಕದವರಿಗೆ ಗುಟ್ಟು ತಿಳಿಸುತ್ತಿದ್ದ ಒಬ್ಬನ ಮನೆಗೆ ಹುಡುಗರು ಕಲ್ಲು ಹೊಡೆದಾಗ ಅವನು ಕಿಟಕಿಯಿಂದ ಹಾರಿಸಿದ ಗುಂಡಿಗೆ ಬಲಿಯಾದವನು. ಹೆಂಡತಿ ಆ ಹೆಸರನ್ನು ಎರಡು ಸಲ ಓದಿದಳು, ಏನೂ ಹೇಳಲಿಲ್ಲ.

ಶುಕ್ರವಾರ: ಹಗ್ಗ ಕಟ್ಟಿದ ಪೆಟ್ಟಿಗೆ

ಬೆಳಿಗ್ಗೆ ಮಗಳು ಅಳಿಯನ ಷೂ ಕೊಟ್ಟಳು. ಅರ್ಧ ಅಂಗುಲ ದೊಡ್ಡದು, ಎರಡು ಜೊತೆ ಕಾಲುಚೀಲ ಹಾಕಿ ಸರಿಮಾಡಿಕೊಂಡೆ.

ಓಲ್ಡ್ ಸೌತ್ ಮೀಟಿಂಗ್ ಹೌಸ್ 1729ರ ಪ್ರಾರ್ಥನಾ ಮಂದಿರ. ಒಳಗೆ ಬಿಳಿಯ ಮರದ ಪೆಟ್ಟಿಗೆಗಳಂಥ ಆಸನಗಳು, ಮೇಲೆ ಎರಡು ಸುತ್ತು ಗ್ಯಾಲರಿ. 1773ರ ಡಿಸೆಂಬರ್ 16ರಂದು ಸುಮಾರು ಐದು ಸಾವಿರ ಜನ ಇದರ ಒಳಗೂ ಹೊರಗೂ ಸೇರಿದ್ದರಂತೆ. ಆ ಕಾಲದ ಬಾಸ್ಟನ್ನಿನ ಜನಸಂಖ್ಯೆಯ ಲೆಕ್ಕದಲ್ಲಿ ಊರಿನ ಸುಮಾರು ಮೂರರಲ್ಲೊಂದು ಪಾಲು ಬಂದ ಹಾಗೆ. ಸುಂಕದ ಚಹಾವನ್ನು ಸಮುದ್ರಕ್ಕೆ ಎಸೆದ 'ಬಾಸ್ಟನ್ ಟೀ ಪಾರ್ಟಿ'ಯ ಆ ರಾತ್ರಿಯ, ಎಲ್ಲರಿಗೂ ಗೊತ್ತಿರುವ ಕಥೆಯಲ್ಲಿ ಯಾರೂ ಹೇಳದ ಒಂದು ಸಂಗತಿ ಇದೆ: ಆ ರಾತ್ರಿಯೇ ಯಾಕೆ?

ಉತ್ತರ ಸುಂಕದ ಕಾಯ್ದೆಯಲ್ಲಿದೆ. ಚಹಾ ತಂದ ಡಾರ್ಟ್‌ಮೌತ್ ಹಡಗು ಬಂದರಿಗೆ ಬಂದದ್ದು ನವೆಂಬರ್ 28ರಂದು. ಇಪ್ಪತ್ತು ದಿನದೊಳಗೆ ಸುಂಕ ಕಟ್ಟದಿದ್ದರೆ ಸರಕು ಜಪ್ತಿ. ಜಪ್ತಿಯಾದ ಚಹಾ ದಡಕ್ಕೆ ಇಳಿಯುತ್ತದೆ, ಇಳಿದದ್ದು ಮಾರಾಟವಾಗುತ್ತದೆ, ಮಾರಾಟವಾದರೆ ತೆರಿಗೆ ಕಟ್ಟಿದಂತಾಗುತ್ತದೆ. ಗಡುವು ಡಿಸೆಂಬರ್ 17. ಹಡಗನ್ನು ಹಾಗೆಯೇ ವಾಪಸು ಕಳಿಸಲು ಗವರ್ನರ್ ಹಚಿನ್‌ಸನ್‌ನ ಪರವಾನಗಿ ಬೇಕಿತ್ತು. ಮಾಲೀಕ ಫ್ರಾನ್ಸಿಸ್ ರಾಚ್ ಅದನ್ನು ಕೇಳಲು ಮಿಲ್ಟನ್‌ನಲ್ಲಿದ್ದ ಗವರ್ನರನ ಮನೆಯವರೆಗೆ ಚಳಿಯಲ್ಲಿ ಹೋಗಿ, ಇಲ್ಲವೆನಿಸಿಕೊಂಡು ಕತ್ತಲಾದ ಮೇಲೆ ಈ ಸಭೆಗೆ ಮರಳಿದ. ಚಹಾ ಪಡೆದು ಮಾರಲು ನೇಮಿಸಿದ್ದ ಏಜೆಂಟರ ಪೈಕಿ ಗವರ್ನರನ ಇಬ್ಬರು ಮಕ್ಕಳೂ ಇದ್ದರು ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಇನ್ನು ಮಾಡುವುದೇನೂ ಉಳಿದಿಲ್ಲ ಎಂಬರ್ಥದ ಮಾತನ್ನು ಪ್ರತಿಭಟನೆಯ ಮುಂದಾಳು ಸ್ಯಾಮ್ಯುಯೆಲ್ ಆಡಮ್ಸ್ ಆಡಿದ. ಜನ ಧಕ್ಕೆಯ ಕಡೆ ನುಗ್ಗಿದರು.

ನಾವೂ ಆ ಕಡೆಗೇ ನಡೆದೆವು. ಹತ್ತು ಹದಿನೈದು ನಿಮಿಷದ ದಾರಿ. ಗ್ರಿಫಿನ್ ಧಕ್ಕೆ ಇದ್ದ ಜಾಗ ಈಗ ನೆಲ. ಸಮುದ್ರವನ್ನು ಮಣ್ಣು ಹಾಕಿ ಹಿಂದಕ್ಕೆ ತಳ್ಳಿದ್ದಾರೆ. ಸ್ವಲ್ಪ ಮುಂದೆ ಕಾಂಗ್ರೆಸ್ ಬೀದಿಯ ಸೇತುವೆಗೆ ಅಂಟಿಕೊಂಡು ವಸ್ತುಸಂಗ್ರಹಾಲಯವಿದೆ, ಎಲಿನಾರ್ ಮತ್ತು ಬೀವರ್ ಹಡಗುಗಳ ಪ್ರತಿರೂಪಗಳು ಅಲ್ಲಿ ತೇಲುತ್ತಿವೆ. ಟಿಕೆಟ್ ದುಬಾರಿ, ಮೊದಲೇ ತೆಗೆದಿಟ್ಟರೆ ಕ್ಯೂ ತಪ್ಪುತ್ತದೆ. ಹಳೆಯ ಕಾಲದ ಉಡುಪು ತೊಟ್ಟ ಕಲಾವಿದೆಯೊಬ್ಬಳು ಸಭೆ ನಡೆಸಿ ನಮ್ಮೆಲ್ಲರಿಂದ ಘೋಷಣೆ ಕೂಗಿಸಿ ಹಡಗಿಗೆ ಹತ್ತಿಸಿದಳು. ಅಲ್ಲಿ ಚಹಾದ ಪೆಟ್ಟಿಗೆಯನ್ನು ನೀರಿಗೆ ಎಸೆಯಬಹುದು. ಪೆಟ್ಟಿಗೆಗೆ ಹಗ್ಗ ಕಟ್ಟಿದೆ. ಎಸೆಯಿರಿ, ಎಳೆದುಕೊಳ್ಳಿ, ಹಿಂದಿನವರಿಗೆ ಕೊಡಿ. ನನ್ನ ಸರದಿ ಬಂದಾಗ ಕೈ ಒಪ್ಪಲಿಲ್ಲ, ಹೆಂಡತಿಗೆ ದಾಟಿಸಿದೆ. ಅವಳು ಸೆರಗು ಸಿಕ್ಕಿಸಿಕೊಂಡು ಎಸೆದ ರಭಸಕ್ಕೆ ಪಕ್ಕದ ಮಕ್ಕಳು ಚಪ್ಪಾಳೆ ತಟ್ಟಿದವು. "ನಿಮ್ಮ ಇಲಾಖೆಯವರ ಮೇಲಿನ ಸಿಟ್ಟಲ್ಲ, ಬಿಡಿ" ಎಂದಳು. ನಂಬುವುದು ಕಷ್ಟ.

ಅಸಲಿ ರಾತ್ರಿ ಎಸೆದದ್ದು 342 ಪೆಟ್ಟಿಗೆ, ಸುಮಾರು 92 ಸಾವಿರ ಪೌಂಡ್ ತೂಕ. ಎಲ್ಲ ಚೀನಾದ ಚಹಾ, ಹೆಚ್ಚಿನದು ಬೋಹೀ ಎಂಬ ಸಾಮಾನ್ಯ ಕಪ್ಪು ಎಲೆ. ಇಳಿತದ ಹೊತ್ತಾದ್ದರಿಂದ ನೀರು ಸಾಲದೆ ಎಲೆ ರಾಶಿ ಬಿದ್ದು, ಮರುದಿನ ದೋಣಿಯಲ್ಲಿ ಹೋಗಿ ಹುಟ್ಟಿನಿಂದ ಬಡಿದು ಮುಳುಗಿಸಿದರು. ಅಂಗಿಯ ಒಳಪದರದಲ್ಲಿ ಚಹಾ ತುಂಬಿಕೊಳ್ಳುತ್ತಿದ್ದವನನ್ನು ಹಿಡಿದು ಬಟ್ಟೆ ಹರಿದು ಓಡಿಸಿದರು. ಚಹಾದ ಒಡೆತನವಿದ್ದ ಈಸ್ಟ್ ಇಂಡಿಯಾ ಕಂಪನಿ ಕೊಟ್ಟ ನಷ್ಟದ ಲೆಕ್ಕ 9,659 ಪೌಂಡ್ ಹಣ. ಇದರಲ್ಲಿ ವಿಚಿತ್ರವೆಂದರೆ ಆ ವರ್ಷ ಚಹಾದ ಬೆಲೆ ಏರಿರಲಿಲ್ಲ, ಇಳಿದಿತ್ತು. ಕಂಪನಿ ಇಂಗ್ಲೆಂಡಿನಲ್ಲಿ ಕಟ್ಟುತ್ತಿದ್ದ ಸುಂಕವನ್ನು ಮರಳಿಸಿ, ನಡುವಿನ ವರ್ತಕರನ್ನು ತೆಗೆದು, ನೇರ ಮಾರಾಟಕ್ಕೆ ಬಿಟ್ಟಿದ್ದರು. ಉಳಿದದ್ದು ಅಮೆರಿಕದಲ್ಲಿ ಕಟ್ಟಬೇಕಿದ್ದ, ಪೌಂಡ್ ತೂಕಕ್ಕೆ ಮೂರು ಪೆನ್ಸ್. ಕಳ್ಳಸಾಗಣೆಯ ಡಚ್ ಚಹಾಕ್ಕಿಂತ ಸಕ್ರಮ ಚಹಾ ಅಗ್ಗವಾಗುವ ಹಾಗಿತ್ತು, ಆದ್ದರಿಂದ ಕಳ್ಳಸಾಗಣೆದಾರರಿಗೂ ಸಿಟ್ಟು. ತತ್ವಕ್ಕಾಗಿ ಬಂದವರೂ ದಂಧೆ ಉಳಿಸಿಕೊಳ್ಳಲು ಬಂದವರೂ ಒಂದೇ ಮುಸುಕಿನಲ್ಲಿ ಮುಖಕ್ಕೆ ಮಸಿ ಬಳಿದುಕೊಂಡಿದ್ದರು.

ಹೊರಗೆ ಕಟ್ಟೆಯ ಮೇಲೆ ಕೂತು ಚಪಾತಿ, ಚಟ್ನಿಪುಡಿ ಬಿಚ್ಚಿದೆವು. ಮೊದಲ ತುತ್ತಿಗೇ ಕೋಳಿಯಷ್ಟು ದೊಡ್ಡ ಕಡಲಹಕ್ಕಿಯೊಂದು ನನ್ನ ಭುಜದ ಮೇಲಿಂದ ಬಂದು ಚಪಾತಿಯ ಸುರುಳಿಯನ್ನು ಇಡಿಯಾಗಿ ಎತ್ತಿಕೊಂಡು ಹೋಯಿತು. ಚಟ್ನಿಪುಡಿಯ ಖಾರ ತಾಗಿದ್ದೇ ಅದನ್ನು ಕಾಲುವೆಗೆ ಬಿಟ್ಟಿತು. ಪಕ್ಕದಲ್ಲಿ ಕೂತು ಊಟ ಮಾಡುತ್ತಿದ್ದ ಕಟ್ಟಡ ಕೆಲಸದವನು ಬಿದ್ದು ಬಿದ್ದು ನಕ್ಕು, ಗೋಡೆಗೆ ಬೆನ್ನು ಕೊಟ್ಟು ಕೂರಬೇಕು, ಬಯಲಿಗೆ ಬೆನ್ನು ಕೊಡಬಾರದು ಎಂದು ಪಾಠ ಹೇಳಿದ. ಎಲ್ಲಿಂದ ಬಂದಿರಿ ಎಂದ. ಮೈಸೂರಿನ ಕಡೆಯಿಂದ ಎಂದೆ. ಆ ಹೆಸರು ಅವನಿಗೆ ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಆದರೆ ಆ ಪೆಟ್ಟಿಗೆಗಳ ಹಿಂದೆ ಮೈಸೂರಿನ ಒಂದು ಎಳೆಯಿದೆ. 1769ರಲ್ಲಿ ಹೈದರಾಲಿಯ ದಂಡು ಕರ್ನಾಟಿಕ್ ಸೀಮೆಯನ್ನು ಸೂರೆ ಮಾಡುತ್ತಿರುವ ಸುದ್ದಿ ಲಂಡನ್ ತಲುಪಿದಾಗ ಕಂಪನಿಯ ಷೇರು ಕುಸಿಯಿತು. ಅದರ ಬೆನ್ನಿಗೆ ಬಂಗಾಳದ ಘೋರ ಕ್ಷಾಮ, 1772ರ ಸಾಲದ ಬಿಕ್ಕಟ್ಟು, ಉಗ್ರಾಣದಲ್ಲಿ ಮಾರಾಟವಾಗದ ಚಹಾ. ದಿವಾಳಿಯ ಅಂಚಿಗೆ ಬಂದ ಕಂಪನಿಯನ್ನು ಎತ್ತಲು ಮಾಡಿದ್ದೇ 1773ರ ಚಹಾ ಕಾಯ್ದೆ. ಪೆನ್ಸಿಲ್ವೇನಿಯಾದ ಜಾನ್ ಡಿಕಿನ್‌ಸನ್ ಆ ವರ್ಷ ಚಹಾದ ವಿರುದ್ಧ ಬರೆದ ಪತ್ರದಲ್ಲಿ, ಬಂಗಾಳದಲ್ಲಿ ಹಸಿವಿನಿಂದ ಸತ್ತವರನ್ನು ಎತ್ತಿ ಹೇಳಿ, ಇದೇ ಕಂಪನಿ ಈಗ ನಮ್ಮ ಮೇಲೆ ಕಣ್ಣು ಹಾಕಿದೆ ಎಂದು ಎಚ್ಚರಿಸಿದ್ದ.

ಹಿಂದಿರುಗುವಾಗ ಫ್ಯಾನಲ್ ಹಾಲ್‌ನ ಎದುರು ಕೈಕಟ್ಟಿ ನಿಂತ ಸ್ಯಾಮ್ಯುಯೆಲ್ ಆಡಮ್ಸ್ ಕಂಡ. ಅವನೂ ಒಂದು ಕಾಲದಲ್ಲಿ ಬಾಸ್ಟನ್ ಪುರಸಭೆಯ ತೆರಿಗೆ ವಸೂಲಿಗಾರನಾಗಿದ್ದ. ವಸೂಲಿ ಮಾಡದೆ ಸಾವಿರಾರು ಪೌಂಡ್ ಬಾಕಿ ಉಳಿಸಿದ್ದ. ಜನಪ್ರಿಯನಾಗದೆ ಇರುತ್ತಾನೆಯೇ!

ಶನಿವಾರ: ಸುಟ್ಟ ಹಡಗಿನ ಹಬ್ಬ

ಮೋಡ ಕರಗಿ ಬಿಸಿಲು ಬಂದಿತ್ತು. ಸೌತ್ ಸ್ಟೇಷನ್‌ನಿಂದ ಪಕ್ಕದ ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್‌ಗೆ ರೈಲಿನಲ್ಲಿ ಒಂದು ಗಂಟೆಯ ಮೇಲೆ ಸ್ವಲ್ಪ. ವಾರಾಂತ್ಯಕ್ಕೆ ಅಗ್ಗದ ಟಿಕೆಟ್ ಇದೆ, ಕೇಳಿ ಪಡೆಯಬೇಕು.

ಪ್ರಾವಿಡೆನ್ಸ್ ಬಾಸ್ಟನ್ನಿನ ಹಾಗೆ ತನ್ನ ಇತಿಹಾಸಕ್ಕೆ ಪಾಲಿಷ್ ಹಾಕಿಲ್ಲ. ಹೊಳೆಯ ದಂಡೆಯಲ್ಲಿ ಹಳೆಯ ಮಾರುಕಟ್ಟೆಯ ಇಟ್ಟಿಗೆ ಕಟ್ಟಡ, ಅದರ ಗೋಡೆಗೆ ಒಂದು ಫಲಕ: 1775ರ ಮಾರ್ಚ್ 2ರ ರಾತ್ರಿ ಇಲ್ಲಿ ಸುಂಕದ ಚಹಾವನ್ನು ಸುಟ್ಟರು, ಗಂಡಸರೂ ಹೆಂಗಸರೂ. ಉರಿ ಏಳುತ್ತಿರುವಾಗ ಒಬ್ಬ ಉತ್ಸಾಹಿ ಕಾಡಿಗೆಯ ಡಬ್ಬಿ, ಕುಂಚ ಹಿಡಿದು ಬೀದಿ ಬೀದಿ ಸುತ್ತಿ ಅಂಗಡಿ ಫಲಕಗಳಲ್ಲಿದ್ದ 'ಚಹಾ' ಎಂಬುದಕ್ಕೆ ಮಸಿ ಬಳಿದನಂತೆ. ಬೆಂಗಳೂರಿನಿಂದ ಬಂದವರು ಇದನ್ನು ಓದಿ ಸುಮ್ಮನೆ ಮುಗುಳ್ನಗಬಹುದು. ಸಣ್ಣದೊಂದು ಹೋಟೆಲಿನಲ್ಲಿ ಈ ರಾಜ್ಯದ ಅಧಿಕೃತ ಪೇಯವಾದ ಕಾಫಿ ಮಿಲ್ಕ್ ಕುಡಿದೆವು. ತಣ್ಣನೆಯ ಹಾಲಿಗೆ ಕಾಫಿಯ ಸಿಹಿ ಪಾಕ. ಕಾಫಿಯೂ ಅಲ್ಲ, ಹಾಲೂ ಅಲ್ಲ. ಹೆಂಡತಿ ಇನ್ನೊಂದು ತರಿಸಿಕೊಂಡಳು.

ಅಲ್ಲಿಂದ ಬಸ್ಸಿನಲ್ಲಿ ಪಾಟಕ್ಸೆಟ್ ಹಳ್ಳಿ. ನಾವು ಹೋದದ್ದು ಗ್ಯಾಸ್ಪೀ ದಿನಾಚರಣೆಯ ಮೆರವಣಿಗೆಯ ದಿನ. ರಸ್ತೆಗಳನ್ನು ಮುಚ್ಚಿದ್ದರಿಂದ ಬಸ್ಸು ದೂರದಲ್ಲೇ ಇಳಿಸಿತು. ಮನೆಗಳ ಎದುರು ಜನ ರಾತ್ರಿಯೇ ಕುರ್ಚಿ ಹಾಕಿ ಜಾಗ ಹಿಡಿದಿದ್ದರು. ಮೂರು ಮೂಲೆಯ ಟೋಪಿ, ಕೊಳಲು, ತಮಟೆಗಳ ತಂಡಗಳು ಒಂದರ ಹಿಂದೆ ಒಂದು. ಕೋವಿ ಹಿಡಿದ ತಂಡ ಹಾರಿಸಿದ ಹುಸಿಗುಂಡಿನ ಸದ್ದಿಗೆ ನನ್ನ ಕೈಯಲ್ಲಿದ್ದ ಮಂಜಿನ ನಿಂಬೆ ಪಾನಕ ಅಳಿಯನ ಷೂ ಮೇಲೆ ಚೆಲ್ಲಿತು.

ಪಕ್ಕದ ಕುರ್ಚಿಯಲ್ಲಿ ನಿವೃತ್ತ ಅಗ್ನಿಶಾಮಕ ನೌಕರರೊಬ್ಬರಿದ್ದರು. ಹೆಂಡತಿಗೆ ತಮ್ಮ ಕುರ್ಚಿ ಬಿಟ್ಟುಕೊಟ್ಟು, ತಾವು ತಂಪು ಡಬ್ಬಿಯ ಮೇಲೆ ಕೂತು ಕಥೆ ಹೇಳಿದರು. ಗ್ಯಾಸ್ಪೀ ಎಂಬುದು ಕಳ್ಳಸಾಗಣೆ ತಡೆಯಲು ಈ ಕೊಲ್ಲಿಯಲ್ಲಿ ಗಸ್ತು ತಿರುಗುತ್ತಿದ್ದ ಬ್ರಿಟಿಷ್ ಹಡಗು. ಅದರ ಲೆಫ್ಟಿನೆಂಟ್ ವಿಲಿಯಂ ಡಡಿಂಗ್‌ಸ್ಟನ್ ಸಣ್ಣಪುಟ್ಟ ದೋಣಿಗಳನ್ನೂ ಬಿಡದೆ ತಡೆದು ತಪಾಸಣೆ ಮಾಡುತ್ತಿದ್ದ. 1772ರ ಜೂನ್ 9ರಂದು ಹ್ಯಾನಾ ಎಂಬ ದೋಣಿಯನ್ನು ಬೆನ್ನಟ್ಟಿದಾಗ, ಆ ನಾವಿಕ ಬೇಕೆಂದೇ ಆಳವಿಲ್ಲದ ಕಡೆಗೆ ಸೆಳೆದ. ಗ್ಯಾಸ್ಪೀ ಮರಳದಿಣ್ಣೆಗೆ ಸಿಕ್ಕಿ ನಿಂತಿತು. ಉಬ್ಬರ ಬರಲು ಮಧ್ಯರಾತ್ರಿ ಕಳೆಯಬೇಕು. ಪ್ರಾವಿಡೆನ್ಸ್‌ನಲ್ಲಿ ಡೋಲು ಬಾರಿಸಿ ಜನ ಸೇರಿಸಿದರು. ಎಂಟು ದೋಣಿಗಳು ಸದ್ದು ಮಾಡದಂತೆ ಹುಟ್ಟಿಗೆ ಬಟ್ಟೆ ಸುತ್ತಿಕೊಂಡು ಹೊರಟವು. ಡಡಿಂಗ್‌ಸ್ಟನ್‌ಗೆ ಗುಂಡು ಬಿತ್ತು; ದಾಳಿಗೆ ಬಂದವರಲ್ಲೇ ಇದ್ದ ವೈದ್ಯನೊಬ್ಬ ಅವನ ಗಾಯ ಕಟ್ಟಿದ. ಹಡಗಿನವರನ್ನೆಲ್ಲ ಈ ಪಾಟಕ್ಸೆಟ್‌ನ ದಡಕ್ಕೆ ಇಳಿಸಿ ಹಡಗಿಗೆ ಬೆಂಕಿ ಕೊಟ್ಟರು.

"ಆಮೇಲೆ ವಿಚಾರಣಾ ಆಯೋಗ ಬಂತು. ಬಹುಮಾನ ಘೋಷಿಸಿದರು. ಊರಿನಲ್ಲಿ ಒಬ್ಬರೂ ಏನೂ ನೋಡಿರಲಿಲ್ಲ" ಎಂದು ಆತ ಕಣ್ಣು ಮಿಟುಕಿಸಿದರು.

ನಮ್ಮ ಕಡೆಯೂ ಹೀಗೇ ಎಂದೆ. ಅತ್ತಿಬೆಲೆಯ ಚೆಕ್‌ಪೋಸ್ಟಿನಲ್ಲಿ ಕೆಲಸ ಮಾಡುತ್ತಿದ್ದಾಗ ಲಾರಿ ಅಡ್ಡದಾರಿ ಹಿಡಿದು ಹೋದದ್ದನ್ನು ಪಕ್ಕದ ಟೀ ಅಂಗಡಿಯವನೂ ನೋಡಿರುತ್ತಿರಲಿಲ್ಲ. ಆತ ತೊಡೆ ತಟ್ಟಿಕೊಂಡು, ತಮ್ಮ ಗುಂಪಿಗೆಲ್ಲ ನನ್ನನ್ನು "ಡಡಿಂಗ್‌ಸ್ಟನ್" ಎಂದು ಪರಿಚಯಿಸಿದರು. ಮೆರವಣಿಗೆ ಮುಗಿಯುವವರೆಗೆ ಅದೇ ನನ್ನ ಹೆಸರು. ಹಡಗಿನ ಪ್ರತಿಕೃತಿ ಸುಡುವುದು ಮರುದಿನ. ಅದನ್ನೂ ನೋಡಿ ಹೋಗಿ ಎಂದು ಬಲವಂತ ಮಾಡಿದರು.

ಅವರ ಕಥೆಯಲ್ಲಿ ಒಂದು ಸೇರಿಸಬೇಕು, ಅವರು ಮುಚ್ಚಿಟ್ಟರೆಂದಲ್ಲ, ಹಬ್ಬದ ದಿನ ಯಾರೂ ಹೇಳುವುದಿಲ್ಲ. ಈ ದಾಳಿಯ ಮುಂದಾಳು ಜಾನ್ ಬ್ರೌನ್ ಗುಲಾಮರ ವ್ಯಾಪಾರಿಯೂ ಹೌದು. ವೆಸ್ಟ್ ಇಂಡೀಸ್‌ನಿಂದ ಕಾಕಂಬಿ ತಂದು, ರಮ್ ಇಳಿಸಿ, ಅದನ್ನು ಆಫ್ರಿಕಾಕ್ಕೆ ಒಯ್ದು ಮನುಷ್ಯರನ್ನು ಕೊಳ್ಳುವುದು ಈ ಕೊಲ್ಲಿಯ ದೊಡ್ಡ ದಂಧೆ. ಆಯೋಗದ ಮುಂದೆ ಹೆಸರು ಹೇಳುವ ಧೈರ್ಯ ಮಾಡಿದವನು ಏರನ್ ಬ್ರಿಗ್ಸ್ ಎಂಬ ಕಪ್ಪು ಆಳು. ಅವನ ಮಾತನ್ನು ನಂಬಲಾಗದೆಂದು ಬದಿಗಿಟ್ಟರು.

ಕಾಕಂಬಿಯ ಸುಂಕದ ಲೆಕ್ಕ ಕೇಳಿದರೆ ಯಾವ ತೆರಿಗೆ ಅಧಿಕಾರಿಯೂ ತಲೆಯಾಡಿಸುತ್ತಾನೆ. 1733ರಿಂದಲೂ ಗ್ಯಾಲನ್ನಿಗೆ ಆರು ಪೆನ್ಸ್ ಇತ್ತು, ಯಾರೂ ಗಲಾಟೆ ಮಾಡಲಿಲ್ಲ, ಯಾಕೆಂದರೆ ಯಾರೂ ಕಟ್ಟುತ್ತಿರಲಿಲ್ಲ. 1764ರಲ್ಲಿ ಅದನ್ನು ಮೂರಕ್ಕೆ ಇಳಿಸಿ, ನಿಜವಾಗಿ ವಸೂಲು ಮಾಡುತ್ತೇವೆ ಎಂದರು. ಆಗ ಹೊತ್ತಿಕೊಂಡಿತು. ಜಪ್ತಿಯಾದ ಸರಕಿನ ಬೆಲೆಯಲ್ಲಿ ಮೂರನೆಯ ಒಂದು ಪಾಲು ಅರಸನಿಗೆ, ಒಂದು ಗವರ್ನರನಿಗೆ, ಒಂದು ಹಿಡಿದ ಅಧಿಕಾರಿಗೆ. ಮೊಕದ್ದಮೆ ಜೂರಿಯಿಲ್ಲದ ನೌಕಾ ನ್ಯಾಯಾಲಯದಲ್ಲಿ. ಸುಂಕ ಕಟ್ಟಿದ್ದೇನೆಂದು ಸಾಬೀತು ಮಾಡುವ ಹೊಣೆ ಸರಕಿನವನದು. ಹಿಡಿದವನಿಗೇ ಪಾಲು ಕೊಟ್ಟ ಮೇಲೆ ಅವನು ದೋಣಿಯಲ್ಲಿ ಅಪರಾಧ ಹುಡುಕುತ್ತಾನೋ ಪಾಲು ಹುಡುಕುತ್ತಾನೋ? ಮೂರು ಪೆನ್ಸಿಗೆ ಯಾವ ದೇಶವೂ ಒಡೆಯುವುದಿಲ್ಲ. ಈ ಮೂರರಲ್ಲೊಂದು ಪಾಲು ಅದನ್ನು ಒಡೆಯಿತು ಎಂಬುದು ನನ್ನ ಅನಿಸಿಕೆ. ಇತಿಹಾಸಕಾರರು ಒಪ್ಪದಿದ್ದರೆ ಬೇಸರವಿಲ್ಲ.

ಭಾನುವಾರ ಮತ್ತೆ ಮಳೆ. ಮಗಳ ಮನೆಯಲ್ಲಿ ಬಿಸಿಬೇಳೆ ಬಾತ್ ತಿಂದು ಮಲಗಿದೆವು. ಹಡಗು ಸುಡುವುದನ್ನು ನೋಡಲಾಗಲಿಲ್ಲ.

ಸೋಮವಾರ: ಸೇಲಂನ ಒಂದು ಸೇತುವೆ, ಒಂದು ತಕ್ಕಡಿ

ನಾರ್ತ್ ಸ್ಟೇಷನ್‌ನಿಂದ ಸೇಲಂ ಅರ್ಧ ಗಂಟೆಯ ದಾರಿ. ಮಾಟಗಾತಿಯರ ವಿಚಾರಣೆಯ ಊರೆಂದು ಪ್ರಸಿದ್ಧಿ, ಆ ಹೆಸರಿನ ಟೀಶರ್ಟ್, ಮೇಣದ ಬತ್ತಿ, ಐಸ್‌ಕ್ರೀಮ್ ಎಲ್ಲ ಮಾರುತ್ತಾರೆ. ನಾವು ಆ ಬೀದಿಗಳನ್ನು ಬಿಟ್ಟು ನಾರ್ತ್ ಬೀದಿಯ ಸೇತುವೆಗೆ ಹೋದೆವು. ಈಗ ಅದು ವಾಹನಗಳು ಭರ್ರೆಂದು ಓಡುವ ಕಾಂಕ್ರೀಟು. 1775ರ ಫೆಬ್ರುವರಿ 26ರ ಭಾನುವಾರ ಇಲ್ಲಿ ಎತ್ತಿ ಇಳಿಸುವ ಮರದ ಸೇತುವೆಯಿತ್ತು. ಆಚೆ ದಡದಲ್ಲಿ ಬಚ್ಚಿಟ್ಟ ಫಿರಂಗಿಗಳನ್ನು ಹಿಡಿಯಲು ಕರ್ನಲ್ ಲೆಸ್ಲಿ ದಂಡಿನೊಂದಿಗೆ ಬಂದಾಗ ಊರಿನವರು ಸೇತುವೆಯನ್ನು ಎತ್ತಿಬಿಟ್ಟು, ಅದರ ತುದಿಯ ಮೇಲೇರಿ ಕೂತರು. ಸಂಜೆಯವರೆಗೆ ಬೈಗುಳ, ಚಳಿ, ವಾದ. ಕೊನೆಗೆ ಪಾದ್ರಿಯೊಬ್ಬ ನಡುವೆ ಬಂದು ರಾಜಿ ಮಾಡಿಸಿದ: ಸೇತುವೆ ಇಳಿಸುತ್ತೇವೆ, ನೀವು ದಾಟಿ ಕೆಲವು ಮಾರು ನಡೆದು, ಆಜ್ಞೆ ಪಾಲಿಸಿದ್ದಾಯಿತು ಎಂದುಕೊಂಡು ಹಿಂತಿರುಗಿ. ಲೆಸ್ಲಿ ಹಾಗೆಯೇ ಮಾಡಿದ. ಫಿರಂಗಿಗಳು ಅಷ್ಟರಲ್ಲಿ ಬೇರೆಡೆ ಸೇರಿದ್ದವು. ಹಿಂತಿರುಗುವ ಸೈನಿಕರನ್ನು ಸಾರಾ ಟಾರೆಂಟ್ ಎಂಬ ಹೆಂಗಸು ಕಿಟಕಿಯಲ್ಲಿ ನಿಂತು ಹಳಿದಳು. ಒಬ್ಬ ಸಿಪಾಯಿ ಕೋವಿ ಗುರಿಯಿಟ್ಟರೂ ಜಗ್ಗಲಿಲ್ಲ. ಯುದ್ಧ ಎರಡು ತಿಂಗಳೊಳಗೆ ಲೆಕ್ಸಿಂಗ್ಟನ್‌ನಲ್ಲಿ ಶುರುವಾಯಿತು; ಇಲ್ಲಿಯೇ ಆಗಬಹುದಾಗಿದ್ದದ್ದು ಒಬ್ಬ ಸೇನಾಧಿಕಾರಿಯ ವ್ಯವಹಾರಜ್ಞಾನದಿಂದ ತಪ್ಪಿತು. ಕಡತದಲ್ಲಿ 'ಸ್ಥಳ ಪರಿಶೀಲನೆ ಮಾಡಲಾಯಿತು' ಎಂದು ಬರೆದು ಜೀಪು ಹತ್ತುವ ವಿದ್ಯೆ ಎಲ್ಲ ಸರ್ಕಾರಗಳಲ್ಲೂ ಇದೆ.

ಮಧ್ಯಾಹ್ನ ಬಂದರಿನ ಕಡೆ. ಡರ್ಬಿ ಧಕ್ಕೆಗೆ ಎದುರಾಗಿ 1819ರ ಸುಂಕದ ಕಚೇರಿ, ಅಗಲವಾದ ಮೆಟ್ಟಿಲು, ನೆತ್ತಿಯಲ್ಲಿ ಚಿನ್ನದ ಬಣ್ಣದ ಹದ್ದು. ಇಷ್ಟು ದಿನದಲ್ಲಿ ನಮ್ಮವರಿಗೆಂದು ಗೌರವದಿಂದ ಕಟ್ಟಿದ ಕಟ್ಟಡ ಕಂಡದ್ದು ಇದೇ ಮೊದಲು. ಹಿಂದೆ ತೂಕದ ಕೊಟ್ಟಿಗೆ. ಅಲ್ಲಿಯ ದೊಡ್ಡ ತಕ್ಕಡಿಯನ್ನು ಧಕ್ಕೆಗೆ ಒಯ್ದು, ಹಡಗಿನಿಂದ ಇಳಿದ ಮೂಟೆಗಳನ್ನು ಅಲ್ಲೇ ತೂಗಿ ಸುಂಕ ಹಾಕುತ್ತಿದ್ದರು. ಮರದ ತೊಲೆ, ಕಬ್ಬಿಣದ ಸರಪಳಿ, ಹಿಡಿಕೆ ಸವೆದು ನುಣ್ಣಗಾದ ತೂಕದ ಗುಂಡುಗಳು. ಪಾರ್ಕಿನ ರೇಂಜರ್ ಹುಡುಗಿ ನನ್ನ ಕಸುಬು ಕೇಳಿ ಹುರುಪಾದಳು. ಹೊಸ ದೇಶದ ಖಜಾನೆಗೆ ಮೊದಲ ದಶಕಗಳಲ್ಲಿ ಬಂದ ಹಣದ ಬಹುಪಾಲು ಇಂಥ ಬಂದರುಗಳ ಆಮದು ಸುಂಕದಿಂದಲೇ ಎಂದಳು. ಮೊದಲ ಸುಂಕದ ಕಾಯ್ದೆಗೆ ಜಾರ್ಜ್ ವಾಷಿಂಗ್ಟನ್ ಸಹಿ ಹಾಕಿದ ದಿನ 1789ರ ಜುಲೈ 4.

"ಚಹಾಕ್ಕೂ ಇತ್ತೇ?" ಎಂದು ಕೇಳಿದೆ.

ಇತ್ತು. ಅಮೆರಿಕದ ಹಡಗಿನಲ್ಲಿ ಪೂರ್ವದೇಶಗಳಿಂದ ತಂದ ಬೋಹೀ ಚಹಾಕ್ಕೆ ಪೌಂಡಿಗೆ ಆರು ಸೆಂಟ್, ಮೇಲ್ತರದ ಹೈಸನ್‌ಗೆ ಇಪ್ಪತ್ತು.

ರೈಲು ನಿಲ್ದಾಣದ ಬೆಂಚಿನಲ್ಲಿ ಟಿಕೆಟಿನ ಹಿಂಬದಿಗೆ ಲೆಕ್ಕ ಹಾಕಿದೆ. ಆಗಿನ ವಿನಿಮಯದಲ್ಲಿ ಒಂದು ಡಾಲರಿಗೆ ನಾಲ್ಕು ಷಿಲಿಂಗ್ ಆರು ಪೆನ್ಸ್, ಅಂದರೆ 54 ಪೆನ್ಸ್. ಮೂರು ಪೆನ್ಸ್ ಎಂದರೆ ಐದೂವರೆ ಸೆಂಟ್. ಸಮುದ್ರಕ್ಕೆ ಸುರಿದ ಅದೇ ಎಲೆಗೆ, ಹದಿನಾರು ವರ್ಷವೂ ಕಳೆಯುವ ಮೊದಲು, ಅರ್ಧ ಸೆಂಟ್ ಹೆಚ್ಚಿಗೆ.

ಹೆಂಡತಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿ, "ಇದನ್ನು ಹಾಕಿದವರನ್ನು ಆ ಜನರೇ ಆರಿಸಿ ಕಳಿಸಿದ್ದರಲ್ಲ" ಎಂದಳು.

"ಆರಿಸಿದವರಲ್ಲಿ ಹೆಂಗಸರಿರಲಿಲ್ಲ, ಆ ಏರನ್ ಬ್ರಿಗ್ಸ್‌ನಂಥವರೂ ಇರಲಿಲ್ಲ" ಎಂದೆ.

"ಹಾಗಾದರೆ ಅವರಿಗೆ ಎಸೆಯಲು ಇನ್ನೊಂದು ಪೆಟ್ಟಿಗೆ ಕೊಡಬೇಕಿತ್ತು, ಹಗ್ಗವಿಲ್ಲದ್ದು" ಎಂದು ಅವಳು ಟಿಕೆಟನ್ನು ನನ್ನ ಕೈಯಿಂದ ಕಸಿದು ಪರ್ಸಿಗೆ ಹಾಕಿಕೊಂಡಳು. ರೈಲಿನಲ್ಲಿ ಪರೀಕ್ಷಕ ಬಂದು ಕೇಳಿದಾಗ, ತೆಗೆದು ತೋರಿಸಿದವಳೂ ಅವಳೇ. ಆತ ಮುಂಬದಿ ನೋಡಿ, ತಿರುಗಿಸಿ ನನ್ನ ಲೆಕ್ಕವನ್ನೂ ನೋಡಿ, ಏನೂ ಕೇಳದೆ ಅದರ ಮೇಲೇ ತೂತು ಹೊಡೆದು ಮುಂದೆ ಹೋದ.